ಮನೆ ಸಾಗರದಲ್ಲಿದೆ, ಇಂಟರ್‌ನೆಟ್ ಮಾತ್ರ ಚೆನ್ನೈ ಅನ್ನುತ್ತಿದೆ. ಏನು ಮಾಡೋದು?

ಅಡಿಕೆಅಟ್ಟ:
ನಮ್ಮ ಮನೆ ಸಾಗರದಿಂದ ಸ್ವಲ್ಪ ಒಳಗೆ. ಈ ಬೇಸಿಗೆಯಲ್ಲಿ ಫೈಬರ್ ಹಾಕಿಸಿದೆವು, ಸ್ಪೀಡ್ ಬಗ್ಗೆ ತಕರಾರಿಲ್ಲ. ಆದರೆ ಮನೆಯ ಕಂಪ್ಯೂಟರ್‌ನಲ್ಲಿ ಏನು ತೆಗೆದರೂ ನಾವು ಚೆನ್ನೈನಲ್ಲಿದ್ದೇವೆ ಅಂತಲೇ ಬರುತ್ತದೆ. ಜಾಹೀರಾತೆಲ್ಲ ತಮಿಳು. ಅದು ಹೋಗಲಿ, ಗೋಳು ಹವಾಮಾನದ್ದು. ಈಗ ಅಡಿಕೆ ಗೊನೆ ಕೊಯ್ಲು ನಡೆಯುತ್ತಿದೆ, ಅಪ್ಪಯ್ಯ ಬೆಳಿಗ್ಗೆ ಎದ್ದು ಕಂಪ್ಯೂಟರ್ ನೋಡಿಯೇ ಅಡಿಕೆ ಒಣಗಲು ಹರಡೋದು. ನವೆಂಬರ್‌ನಲ್ಲಿ ಚೆನ್ನೈಗೆ ಹಿಂಗಾರು ಮಳೆ, ನಮ್ಮಲ್ಲಿ ಚುರುಗುಟ್ಟುವ ಬಿಸಿಲು. ಮೊನ್ನೆ 'ದಿನವಿಡೀ ಮಳೆ' ಅಂತ ನೋಡಿ ಬೇಯಿಸಿದ ಅಡಿಕೆಯನ್ನೆಲ್ಲ ಒಳಗೇ ಇಟ್ಟುಕೊಂಡು ಕೂತರು. ಹೊರಗೆ ನೋಡಿ ಅಂದರೆ, ಮಧ್ಯಾಹ್ನದ್ದು ನಿನಗೇನು ಗೊತ್ತು ಅಂತಾರೆ.

ರೂಟರ್ ಆಫ್ ಆನ್ ಮಾಡಿದೆ, ಬ್ರೌಸರ್ ಹಿಸ್ಟರಿ ಅಳಿಸಿದೆ, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅದರ ನಂಬರ್ ಹುಡುಕಿಕೊಡುವ ಸೇವೆ) ಬದಲಾಯಿಸಿದೆ. ಕಂಪನಿಗೆ ಫೋನ್ ಮಾಡಿದರೆ 'ಸ್ಪೀಡ್ ಬರ್ತಿದೆ ಅಲ್ವಾ ಸರ್' ಅಂತಾರೆ. ವಿಚಿತ್ರ ಅಂದರೆ, ಅದೇ ವೈಫೈಯಲ್ಲಿ ನನ್ನ ಫೋನ್ ಸಾಗರ ಅಂತ ಸರಿಯಾಗಿ ತೋರಿಸುತ್ತದೆ!

ಹಳೇಮೋಡೆಮ್:
ಫೋನ್ ಸರಿ, ಕಂಪ್ಯೂಟರ್ ತಪ್ಪು ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಫೋನ್‌ಗೆ ಜಿಪಿಎಸ್ ಇದೆ, ಸುತ್ತಮುತ್ತಲಿನ ವೈಫೈ ಮತ್ತು ಟವರ್ ಕೂಡ ನೋಡಿಕೊಳ್ಳುತ್ತದೆ. ನಿಮ್ಮ ಕಂಪ್ಯೂಟರ್ ಬಹುಶಃ ಕೇಬಲ್‌ನಲ್ಲಿದೆ, ಅದಕ್ಕೆ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕದ ನಂಬರ್, ಬಿಟ್ಟರೆ ಬೇರೆ ಗತಿ ಇಲ್ಲ. ಐಪಿ ವಿಳಾಸದೊಳಗೆ ಊರಿನ ಹೆಸರು ಇರೋದಿಲ್ಲ. ಮ್ಯಾಕ್ಸ್‌ಮೈಂಡ್, ಐಪಿ2ಲೊಕೇಶನ್ ಥರದ ಕಂಪನಿಗಳು ಈ ನಂಬರ್ ಈ ಊರಿನದು ಅಂತ ಅಂದಾಜು ಮಾಡಿ ಪಟ್ಟಿ ಇಟ್ಟಿರುತ್ತವೆ, ಎಷ್ಟೋ ವೆಬ್‌ಸೈಟ್‌ಗಳು ಅಂಥ ಪಟ್ಟಿ ನೋಡುತ್ತವೆ. ಹಾಗಾಗಿ ಡಿಎನ್‌ಎಸ್ ಬದಲಾಯಿಸಿದರೆ ಏನೂ ಆಗೋದಿಲ್ಲ, ಸುಮ್ನೆ ಶ್ರಮ.

ಎರಡು ಕೆಲಸ ಮಾಡಿ. ಮೊದಲು ವಿಪಿಎನ್ (ನಿಮ್ಮ ಇಂಟರ್‌ನೆಟ್ಟನ್ನು ಬೇರೆ ಕಡೆಯಿಂದ ಸುತ್ತಿಸಿ ಕಳಿಸುವಂಥದ್ದು) ಏನಾದರೂ ಆನ್ ಇದೆಯಾ ನೋಡಿ, ಕೆಲವು ಬ್ರೌಸರ್‌ಗಳಲ್ಲಿ ಒಳಗೇ ಇರುತ್ತದೆ. ಆಮೇಲೆ ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಕಂಪನಿ ನಿಮ್ಮ ರೂಟರ್‌ಗೆ ಕೊಟ್ಟ ನಂಬರ್) ಏನಿದೆ ಅಂತ ಹೇಳಿ, ಎರಡನೇ ಚುಕ್ಕೆಯವರೆಗೆ ಸಾಕು, ಪೂರ್ತಿ ನಂಬರ್ ಇಲ್ಲಿ ಹಾಕಬೇಡಿ.

ಗೊಜ್ಜವಲಕ್ಕಿ:
ನನ್ನದೂ ಇದೇ ಕಥೆ ಅನ್ಕೊಂಡಿದ್ದೆ. ಬೆಂಗಳೂರಿನಿಂದ ಮೈಸೂರಿಗೆ ಮನೆ ಬದಲಾಯಿಸಿದೆ, ಲ್ಯಾಪ್‌ಟಾಪ್‌ನಲ್ಲಿ ಮ್ಯಾಪ್ ತೆಗೆದರೆ ಈಗಲೂ ರಾಜಾಜಿನಗರದ ಹಳೇ ಬೀದಿ. ಮನೆ ಬಿಟ್ಟರೂ ಓನರ್ ಬಿಡ್ತಾ ಇಲ್ಲ ಅನ್ನೋ ಹಾಗಿದೆ.

ಹಳೇಮೋಡೆಮ್:
ನಿಮ್ಮದು ಬೇರೆ ಕಾಯಿಲೆ. ಬೀದಿವರೆಗೂ ತೋರಿಸುತ್ತಿದೆ ಅಂದರೆ ಅದು ಐಪಿ ಅಲ್ಲ, ಐಪಿಗೆ ಅಷ್ಟು ನಿಖರತೆ ಇಲ್ಲ. ಹಳೇ ರೂಟರನ್ನೇ ತಂದಿದ್ದೀರಿ ಅಲ್ವಾ? ಅದರ ಗುರುತಿನ ನಂಬರ್ ಗೂಗಲ್, ಆಪಲ್‌ನವರ ವೈಫೈ ಪಟ್ಟಿಯಲ್ಲಿ ರಾಜಾಜಿನಗರ ಅಂತ ಉಳಿದಿದೆ. ಅದೇ ವೈಫೈಯಲ್ಲಿ ಫೋನ್‌ಗಳು ಜಿಪಿಎಸ್ ಆನ್ ಮಾಡಿಕೊಂಡು ಓಡಾಡುತ್ತಿದ್ದರೆ ಕ್ರಮೇಣ ತಾನೇ ಸರಿಹೋಗುತ್ತದೆ. ಪಟ್ಟಿಯೇ ಬೇಡ ಅನ್ನುವವರು ವೈಫೈ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ನೋಮ್ಯಾಪ್ (_nomap) ಅಂತ ಸೇರಿಸಿದರೆ ಗೂಗಲ್ ಅದನ್ನು ಬಿಟ್ಟುಬಿಡುತ್ತದೆ.

ಚುರುಮುರಿ:
ವಿಷಯಾಂತರ, ಕ್ಷಮಿಸಿ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಒಂದು ತೋಟದ ಮನೆಗೆ ಮೇಲೆ ಹೇಳಿದ ಐಪಿ ಪಟ್ಟಿಯಿಂದ ವರ್ಷಗಟ್ಟಲೆ ಕಾಟ. 'ಅಮೆರಿಕದಲ್ಲಿ ಎಲ್ಲೋ ಇದೆ' ಅಂತಷ್ಟೇ ಗೊತ್ತಿರುವ ವಿಳಾಸಗಳಿಗೆಲ್ಲ ಮ್ಯಾಕ್ಸ್‌ಮೈಂಡ್ ದೇಶದ ನಡುಮಧ್ಯದ ಒಂದು ಜಾಗ ಕೊಟ್ಟಿತ್ತು. 60 ಕೋಟಿಗೂ ಜಾಸ್ತಿ ವಿಳಾಸ! ಕಳ್ಳರನ್ನು ಹುಡುಕಿಕೊಂಡು ಪೊಲೀಸರು ಅಲ್ಲಿಗೇ ಬರುತ್ತಿದ್ದರು. 2016ರಲ್ಲಿ ಸುದ್ದಿಯಾದ ಮೇಲೆ ಗುರುತನ್ನು ಒಂದು ಕೆರೆಯ ನಡುವೆ ಇಟ್ಟರು.

ಅಡಿಕೆಅಟ್ಟ:
ವಿಪಿಎನ್ ಇಲ್ಲ. ಕಂಪ್ಯೂಟರ್ ಕೇಬಲ್‌ನಲ್ಲೇ ಇದೆ, ಸರಿಯಾಗಿ ಹೇಳಿದಿರಿ. ವ್ಯಾನ್ ಐಪಿ 100.72 ಅಂತ ಶುರುವಾಗುತ್ತದೆ. ಹೊರಗಿನ ವೆಬ್‌ಸೈಟ್‌ನಲ್ಲಿ ನೋಡಿದರೆ ಬೇರೆಯೇ ನಂಬರ್. ಮ್ಯಾಕ್ಸ್‌ಮೈಂಡ್‌ನಲ್ಲಿ ತಿದ್ದುಪಡಿ ಫಾರ್ಮ್ ಇದೆಯಂತೆ, ತುಂಬಿ ಕಳಿಸಲಾ ಸರ್?

ಹಳೇಮೋಡೆಮ್:
ಬೇಡ ಬೇಡ, ಕಳಿಸಬೇಡಿ. 100.64ರಿಂದ 100.127ರವರೆಗೆ ಇದ್ದರೆ ಅದು ಸಿಜಿನ್ಯಾಟ್. ಅಂದರೆ ಹೊರಗೆ ಕಾಣುವ ಆ ಒಂದು ನಂಬರನ್ನು ನೀವೂ ಇನ್ನೆಷ್ಟೋ ಮನೆಯವರೂ ಹಂಚಿಕೊಂಡಿದ್ದೀರಿ. ಏಷ್ಯಾದ ಕಡೆ ಹಳೇ ನಮೂನೆಯ ವಿಳಾಸಗಳು 2011ರಲ್ಲೇ ತಳ ಕಂಡವು, ಕಂಪನಿಗಳಿಗೂ ಬೇರೆ ದಾರಿ ಕಡಿಮೆ. ಒಂದು ಟ್ರೇಸ್‌ರೂಟ್ (ಡೇಟಾ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ತೋರಿಸುವ ಕಮಾಂಡ್) ಹಾಕಿ, ದಾರಿಯ ಹೆಸರುಗಳಲ್ಲಿ ಎಂಎಎ ಅಂತ ಕಂಡರೆ ಅದು ಚೆನ್ನೈ ವಿಮಾನ ನಿಲ್ದಾಣದ ಕೋಡ್, ನಿಮ್ಮ ಕಂಪನಿಯ ಹೊರಬಾಗಿಲು ಅಲ್ಲೇ ಇದೆ ಅಂತ ಅರ್ಥ. ಹಾಗಿದ್ದರೆ ಪಟ್ಟಿ ಸುಳ್ಳು ಹೇಳುತ್ತಿಲ್ಲ, ನಿಮ್ಮ ಇಂಟರ್‌ನೆಟ್ ನಿಜವಾಗಿಯೂ ಚೆನ್ನೈನಲ್ಲೇ ಹೊರಗೆ ಬೀಳುತ್ತಿದೆ. ನೀವು ಅದನ್ನು ಸಾಗರ ಅಂತ ತಿದ್ದಿಸಿದರೆ ಚೆನ್ನೈ ಕಡೆಯ ತಾಂಬರಂನಲ್ಲಿ ಯಾರಿಗೋ ಸಾಗರದ ಬಿಸಿಲು ಕಾಣುತ್ತದೆ, ಅವರು ಕೊಡೆ ಬಿಟ್ಟು ಹೋಗ್ತಾರೆ.

ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಂಡರೆ ಆ ನಂಬರ್ ನಿಮ್ಮೊಬ್ಬರದೇ ಆಗುತ್ತದೆ, ಆಗ ಫಾರ್ಮ್ ತುಂಬಬಹುದು. ಬರೀ ಹವಾಮಾನಕ್ಕೆ ಅಂತಾದರೆ ನಾನು ಕೊಡಲ್ಲ. ವಿಂಡೋಸ್‌ನ ಲೊಕೇಶನ್ ಸೆಟ್ಟಿಂಗ್‌ನಲ್ಲಿ ಡೀಫಾಲ್ಟ್ ಲೊಕೇಶನ್ ಅಂತ ಇದೆ, ಅಲ್ಲಿ ಸಾಗರ ಕೊಡಿ. ಹವಾಮಾನದ ಪುಟದಲ್ಲೂ ಊರಿನ ಹೆಸರು ಕೈಯಲ್ಲೇ ಟೈಪ್ ಮಾಡಿ ಬುಕ್‌ಮಾರ್ಕ್ ಮಾಡಿಡಿ.

ಅಡಿಕೆಅಟ್ಟ:
ಎಂಎಎ ಇತ್ತು, ಅದೂ ಎರಡು ಕಡೆ. ಬುಕ್‌ಮಾರ್ಕ್ ಮಾಡಿಕೊಟ್ಟೆ. ಜಾಹೀರಾತು ಇನ್ನೂ ತಮಿಳೇ. ಇವತ್ತು ಸಾಗರ ಅಂತ ಬಂತು, ಬಿಸಿಲು ಅಂತಲೂ ಬಂತು. ಅಪ್ಪಯ್ಯ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದು, ಆಮೇಲೆ ಅಡಿಕೆ ಹರಡಿದರು.