ಸೀನನ ಬೆಂಕಿಪೊಟ್ಟಣವೂ ಡಾಲರ್ ದಲಾಲಿಯೂ

ಸೀನ ಭಟ್ಟರ ಹೋಟೆಲಿನ ಮೂಲೆ ಟೇಬಲ್ಲಿಗೆ ಹಳೇ ಬಿಸ್ಕತ್ ಡಬ್ಬಿಯೊಂದನ್ನು ತಂದಿಟ್ಟಾಗ ನಾವೆಲ್ಲ ಚಕ್ಕುಲಿ ಅಂದುಕೊಂಡೆವು. ಕ್ಯಾಷಿಯರ್ ರಾಯರಂತೂ ಎದ್ದು ಕೈ ತೊಳೆದುಕೊಂಡೇ ಬಂದರು. ಮುಚ್ಚಳ ತೆಗೆದರೆ ಒಳಗೆ ಬೆಂಕಿಪೊಟ್ಟಣದ ಚಿತ್ರಗಳು. ಆನೆ, ನವಿಲು, ಕೀಲಿಕೈ, ಕಮಲದ ಮೇಲಿನ ಲಕ್ಷ್ಮಿ, ಓಡುವ ಕುದುರೆ. ಮೂರನೇ ಕ್ಲಾಸಿನಿಂದ ಸಾಗರದ ಬಸ್‌ಸ್ಟ್ಯಾಂಡು, ಮಾರಿಜಾತ್ರೆ ಬಯಲು ಎಲ್ಲ ಸುತ್ತಿ ಅವನು ಹೆಕ್ಕಿದ್ದು.

"ಇದನ್ನ ಇಂಟರ್ನೆಟ್ಟಲ್ಲಿ ಹರಾಜು ಹಾಕ್ತೀನಿ," ಅಂದ. "ಫಾರಿನ್ನಲ್ಲಿ ಇಂಥದ್ದು ಕೂಡಿಡೋರು ಇದ್ದಾರೆ. ಡಾಲರ್ ಕೊಡ್ತಾರೆ."

"ಕಡ್ಡಿ ಇಲ್ಲ, ಪೊಟ್ಟಣ ಇಲ್ಲ, ಬರೀ ಚೀಟಿಗೆ ಡಾಲರ್ರಾ?" ಅಂದೆ ನಾನು.

ಮೊಬೈಲ್ ಅಂಗಡಿ ವಿನಾಯ ಸೀನನ ಪರ ನಿಂತ. "ಅದೆಂತ ದೊಡ್ಡದು ಮಾರಾಯ್ರೆ. 1995ರಲ್ಲಿ ಇಬೇ ಅನ್ನೋ ಹರಾಜಿನ ತಾಣ ಶುರುವಾದಾಗ ಅಲ್ಲಿ ಮೊದಲು ಹರಾಜಾಗಿದ್ದೇ ಕೆಟ್ಟುಹೋದ ಲೇಸರ್ ಪಾಯಿಂಟರ್. 14 ಡಾಲರ್ 83 ಸೆಂಟಿಗೆ ಹೋಯ್ತು. ಕೆಟ್ಟಿದೆ ಅಂತ ಗೊತ್ತಿದ್ಯಾ ಅಂತ ಕೇಳಿದ್ರೆ, ಕೊಂಡವನು ಗೊತ್ತು, ನಾನು ಕೆಟ್ಟಿರೋದನ್ನೇ ಕೂಡಿಡೋನು ಅಂದನಂತೆ."

ನನಗೆ ತಕ್ಷಣ ನಮ್ಮನೆ ಮಿಕ್ಸಿ ನೆನಪಾಯಿತು. ಬಾಯಿಬಿಟ್ಟು ಹೇಳಲಿಲ್ಲ, ಅದು ಕೆಟ್ಟಿದ್ದು ಹೇಗೆ ಅನ್ನೋ ಪ್ರಶ್ನೆ ಮತ್ತೆ ಏಳುತ್ತೆ ಅಂತ.

"ಮಾರೋದೇನೋ ಸರಿ," ಅಂದರು ಕ್ಯಾಷಿಯರ್ ರಾಯರು. ಮೂವತ್ತೈದು ವರ್ಷ ಬ್ಯಾಂಕಿನ ಜಾಲರಿ ಹಿಂದೆ ಕೂತು ನೋಟೆಣಿಸಿದವರು; ಈಗಲೂ ಮಾತಾಡುವಾಗ ಹೆಬ್ಬೆರಳು ತೋರುಬೆರಳು ತಾನಾಗೇ ಉಜ್ಜಿಕೊಳ್ಳುತ್ತವೆ. "ದುಡ್ಡು ಹೇಗೆ ಬರುತ್ತೆ ಅದು ಹೇಳು."

ಸೀನ ಡಬ್ಬಿ ಮುಚ್ಚಿದ. ಅಲ್ಲಿಂದ ಶುರುವಾದ ಚರ್ಚೆ ಮೂರು ವಾರ ನಡೆಯಿತು. ದಿನಕ್ಕೆ ನಾಲ್ಕು ಚಾ, ಮಧ್ಯೆ ಮಧ್ಯೆ ಗೋಳಿಬಜೆ, ಎಲ್ಲ ಸೀನನ ಲೆಕ್ಕದಲ್ಲಿ, ಯಾಕಂದರೆ ಡಾಲರ್ ಬರೋದು ಅವನಿಗೆ. ಭಟ್ಟರು ಗಲ್ಲಾದಲ್ಲಿ ಕೂತು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಮಾತಾಡುತ್ತಿರಲಿಲ್ಲ. ಅವರ ಪರವಾಗಿ ಪಕ್ಕದ ಸೌಂಡ್‌ಬಾಕ್ಸ್ ಮಾತಾಡುತ್ತಿತ್ತು.

ಹರಾಜು ನಮ್ಮೂರಿಗೆ ಹೊಸದೇನಲ್ಲ. ಅಡಿಕೆ ಮಂಡಿಯಲ್ಲಿ ರಾಶಿ, ಚಾಲಿ, ಬಿಳೆಗೋಟು ಬೇರೆ ಬೇರೆ ಗುಡ್ಡೆ ಹಾಕಿರುತ್ತಾರೆ. ವ್ಯಾಪಾರಿಗಳು ಬಂದು ಕೈಯಾಡಿಸಿ, ಒಂದು ಹೋಳು ಕಚ್ಚಿ, ಚೀಟಿ ಬರೆದು ಹಾಕುತ್ತಾರೆ. ಜಾಸ್ತಿ ಬರೆದವನಿಗೆ ಮಾಲು. ಆದರೆ ಬೆಳೆದವನು ಕೊಂಡವನ ಹತ್ತಿರ ದುಡ್ಡು ಕೇಳಿಕೊಂಡು ಹೋಗೋದಿಲ್ಲ. ಕೊಡೋದು ಮಂಡಿಯವನು, ತನ್ನ ದಲಾಲಿ ಮುರಿದುಕೊಂಡು. ಆ ವ್ಯಾಪಾರಿ ದಿಲ್ಲಿಯವನೋ ಕಾನಪುರದವನೋ, ನಾಳೆ ಕೈ ಎತ್ತಿದರೆ ಮಂಡಿಯವನ ತಲೆನೋವು.

"ಇಂಟರ್ನೆಟ್ಟಲ್ಲಿ ದುಡ್ಡು ದಾಟಿಸೋ ಪೇಪಾಲ್ ಅಂದ್ರೆ ಇದೇ ಮಂಡಿ," ಅಂತ ವಿನಾಯ ಒಂದೇ ಮಾತಲ್ಲಿ ಮುಗಿಸಿದ. ರಾಯರು ಒಂದೇ ಮಾತಿಗೆ ಒಪ್ಪುವವರಲ್ಲ.

"ಯಾರದ್ದು ಮಂಡಿ? ಯಾವಾಗಿಂದ?"

ವಿನಾಯ ಇತಿಹಾಸ ಬಿಚ್ಚಿದ. 1998ರಲ್ಲಿ ಕಾನ್ಫಿನಿಟಿ ಅಂತ ಕಂಪನಿ. ಅಂಗೈಯಗಲದ ಪಾಮ್ ಪೈಲಟ್ ಅನ್ನೋ ಯಂತ್ರದಿಂದ ಯಂತ್ರಕ್ಕೆ ದುಡ್ಡು ದಾಟಿಸ್ತೀವಿ ಅಂತ ಹೊರಟವರು. ಅದನ್ನು ಯಾರೂ ಮೂಸಲಿಲ್ಲ, ಅವರದೇ ಪೇಪಾಲ್, ಅಂದ್ರೆ ಇಮೇಲ್ ಮೂಲಕ ದುಡ್ಡು ಕಳಿಸೋ ದಾರಿಯನ್ನು ಮಾತ್ರ ಇಬೇ ಮಾರಾಟಗಾರರು ಬಿಗಿಯಾಗಿ ಹಿಡಿದುಕೊಂಡರು. 2000ದಲ್ಲಿ ಈಲಾನ್ ಮಸ್ಕನ ಎಕ್ಸ್ ಡಾಟ್ ಕಾಮ್ ಅನ್ನೋ ಇಂಟರ್ನೆಟ್ ಬ್ಯಾಂಕಿನ ಜೊತೆ ಸೇರಿಕೊಂಡಿತು. ಹೊಸಬರನ್ನು ಕರೆತಂದವರಿಗೆ ಕೈಗೆ ಡಾಲರ್ ಕೊಟ್ಟು ಜನ ಸೇರಿಸಿದರು.

"ಮದುವೆ ಬ್ರೋಕರ್ ಪದ್ಧತಿ," ಅಂದ ಸೀನ.

"ತಮಾಷೆ ಏನು ಗೊತ್ತಾ? ಇಬೇ ಹತ್ರ ತನ್ನದೇ ಒಂದು ಇತ್ತು, ಬಿಲ್‌ಪಾಯಿಂಟ್ ಅಂತ. ಮನೆ ಯಜಮಾನ ತನ್ನ ಅಂಗಡಿಗೇ ಬನ್ನಿ ಅಂತ ಕರೀತಿದ್ರೂ ಜನ ಪಕ್ಕದ ಅಂಗಡೀಗೆ ಹೋದ್ರು. ಕೊನೆಗೆ 2002ರಲ್ಲಿ ನೂರೈವತ್ತು ಕೋಟಿ ಡಾಲರ್ ಕೊಟ್ಟು ಪಕ್ಕದ ಅಂಗಡೀನೇ ಕೊಂಡುಕೊಂಡ್ರು, ಸ್ವಂತದ್ದಕ್ಕೆ ಬಾಗಿಲು ಹಾಕಿದ್ರು. 2015ರಲ್ಲಿ ಇಬ್ಬರೂ ಪಾಲಾದ್ರು."

"ಪಾಲು ಯಾರು ಮಾಡಿಸಿದ್ದು, ಸೊಸೇನಾ?" ರಾಯರಿಗೆ ಈ ಭಾಗ ಹಿಡಿಸಿತು.

ಪಾಲಾದ ಮೇಲೆ ಇಬೇನವರು ದುಡ್ಡಿನ ವಹಿವಾಟನ್ನು ತಮ್ಮ ಕೈಗೇ ತೆಗೆದುಕೊಂಡಿದ್ದಾರೆ. ಕೊಂಡವನು ಕಾರ್ಡಲ್ಲಾದರೂ ಕೊಡಲಿ, ಪೇಪಾಲಲ್ಲಾದರೂ ಕೊಡಲಿ, ಹಣ ಮೊದಲು ಅವರಿಗೆ, ಆಮೇಲೆ ಮಾರಿದವನಿಗೆ. ಹಾಗಾಗಿ ಅಲ್ಲಿ ಮಾರುವವನಿಗೆ ಆರಿಸುವ ಕಷ್ಟವೇ ಇಲ್ಲ. ನಮ್ಮ ಸೀನನಿಗೆ ಇದು ಸೇರಲಿಲ್ಲ. "ಆರಿಸೋಕೆ ಅಂತ ಇಷ್ಟು ಜನ ಕೂತಿದ್ದೀವಿ, ಆಯ್ಕೆಯೇ ಇಲ್ಲ ಅಂದ್ರೆ?" ಬೆಲ್ಜಿಯಂನ ಡೆಲ್‌ಕಾಂಪ್ ಥರದ ಕಡೆ, ಅಂಚೆಚೀಟಿ, ಪೋಸ್ಟ್‌ಕಾರ್ಡು, ಇಂಥ ಚಿಲ್ಲರೆ ಕಾಗದ ಮಾರುವ ತಾಣಗಳಲ್ಲಿ ನೋಡೋಣ ಅಂತಾಯಿತು.

ಇಷ್ಟರಲ್ಲಿ ರಾಯರು ಸೀನನ ಡಬ್ಬಿಯ ತಳ ಕೆದಕಿ ಮೂರು ತಾಮ್ರದ ಬಿಲ್ಲೆ ತೆಗೆದರು. ಮುಮ್ಮಡಿ ಕೃಷ್ಣರಾಜರ ಕಾಲದ ಆನೆ ಕಾಸು, ಅವನಜ್ಜಿಯ ಗಡಿಗೆಯದ್ದು. "ಇದನ್ನೂ ಹಾಕ್ತೀಯೇನೋ ಫಾರಿನ್ನಿಗೆ?"

"ಹೌದು, ಇದಕ್ಕೇ ಜಾಸ್ತಿ ಬರುತ್ತಂತೆ."

"ಬರುತ್ತೆ, ಪೊಲೀಸ್ರೂ ಬರ್ತಾರೆ. 1972ರ ಕಾಯ್ದೆ ಇದೆ. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ನಿನ್ನಂಥವನು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ." ಸೀನ ಮೂರೂ ಕಾಸನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಹೋಟೆಲಲ್ಲಿ ಬೇರೆ ಯಾರಾದರೂ ನೋಡಿದರಾ ಅಂತ ತಿರುಗಿ ನೋಡಿದ. ಭಟ್ಟರು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು.

ಎರಡನೇ ವಾರ ದರದ ವಾರ. ಪೇಪಾಲಿನವರು ಹೊರದೇಶದಿಂದ ಬರುವ ದುಡ್ಡಿಗೆ ನೂರಕ್ಕೆ 4.4 ಹಿಡಿದುಕೊಂಡು, ಮೇಲೆ ಒಂದೊಂದು ಸಲಕ್ಕೂ 30 ಸೆಂಟ್ ಹಿಡಿಯುತ್ತಾರೆ ಅಂತ ವಿನಾಯ ಓದಿದ. ರಾಯರು ಬೀಡಾ ಕಟ್ಟಿ ಬಂದಿದ್ದ ಕಾಗದದ ಬೆನ್ನಿಗೆ ಲೆಕ್ಕ ಹಾಕಿದರು.

"ನವಿಲು ಒಂದನ್ನೇ ಮೂರು ಡಾಲರಿಗೆ ಮಾರ್ತೀಯ ಅಂತಿಟ್ಕೊ. 4.4 ಅಂದ್ರೆ 13 ಸೆಂಟ್. ಮೇಲೆ 30. ಒಟ್ಟು 43. ನೂರಕ್ಕೆ ಹದಿನಾಲ್ಕು ಹೋಯ್ತು! ನಮ್ಮ ಮಂಡಿಯವನು ಹದಿನಾಲ್ಕು ಮುರಿದ್ರೆ ಸುಮ್ನಿರ್ತಿದ್ಯಾ?"

"ಚಳವಳಿ ಮಾಡ್ತಿದ್ದೆ."

"ಅದೇ ಇಪ್ಪತ್ತು ಚಿತ್ರ ಕಂತೆ ಕಟ್ಟಿ 25 ಡಾಲರಿಗೆ ಕೊಡು. 1 ಡಾಲರ್ 10 ಸೆಂಟ್, ಮೇಲೆ 30. ಐದೂವರೆ ಚಿಲ್ಲರೆ ಪರ್ಸೆಂಟಿಗೆ ಇಳೀತು. ಬಿಡಿಬಿಡಿಯಾಗಿ ಮಾರಿದ್ರೆ ಅವನ 30 ಸೆಂಟೇ ನಿನ್ನ ತಿನ್ನುತ್ತೆ." ಇದು ಮಾತ್ರ ನಿಜವಾಗಿ ಕೆಲಸಕ್ಕೆ ಬರುವ ಮಾತು ಅಂತ ನನಗೆ ಆಗಲೇ ಅನಿಸಿತು. ಸೇವೆ ಯಾವುದು ಅಂತ ಕೇಳುವ ಮೊದಲು ಮಾಲಿನ ಗಾತ್ರ ಎಷ್ಟು ಅಂತ ಕೇಳಬೇಕು; ನಾವು ವಾರಗಟ್ಟಲೆ ತಿರುಗುಮುರುಗು ಕೇಳಿದ್ದೆವು. ಡಾಲರನ್ನು ರೂಪಾಯಿ ಮಾಡುವಾಗ ಬ್ಯಾಂಕಿನ ದರಕ್ಕಿಂತ ಒಂದಿಷ್ಟು ಕಡಿಮೆ ಕೊಡುತ್ತಾರೆ, ಅದು ಕಣ್ಣಿಗೆ ಕಾಣದ ದಲಾಲಿ, ಅಂತಲೂ ರಾಯರು ಸೇರಿಸಿದರು.

"ಆಗಲಿ, ಡಾಲರನ್ನ ಅಲ್ಲೇ ಇಡ್ತೀನಿ. ರೇಟ್ ಏರಿದ ಮೇಲೆ ತೆಗೆಯೋದು," ಅಂದ ಸೀನ. ಅಡಿಕೆ ಬೆಳೆದವನ ರಕ್ತ. ಅವರಪ್ಪ ರೇಟ್ ಏರಲಿ ಅಂತ ಅಟ್ಟದಲ್ಲಿಟ್ಟ ಚಾಲಿ ಇನ್ನೂ ಇದ್ದರೂ ಆಶ್ಚರ್ಯವಿಲ್ಲ.

"ಇಲ್ಲ ಸೀನಣ್ಣ, ನಮ್ಮ ದೇಶದಲ್ಲಿ ಅದಾಗಲ್ಲ. ಬಂದಿದ್ದು ತಾನಾಗೇ ರೂಪಾಯಿಯಾಗಿ ಬ್ಯಾಂಕಿಗೆ ಹೋಗುತ್ತೆ."

"ಅಟ್ಟವೇ ಇಲ್ಲದ ಮಂಡಿ!" ಸೀನನಿಗೆ ಅರ್ಧ ಆಸಕ್ತಿ ಅಲ್ಲೇ ಹೋಯಿತು.

ಉಳಿದ ಅರ್ಧವನ್ನು ತೆಗೆದದ್ದು ನೂರೆಂಬತ್ತು ದಿನದ ವಿಷಯ. ಕೊಂಡವನು ದುಡ್ಡು ಕೊಟ್ಟ ದಿನದಿಂದ 180 ದಿನದೊಳಗೆ ಪೇಪಾಲಿನಲ್ಲಿ ತಕರಾರು ಹೂಡಬಹುದು. ಮಾಲು ಬರಲಿಲ್ಲ ಅನ್ನಬಹುದು, ಬಂದದ್ದು ಹೇಳಿದ ಹಾಗಿಲ್ಲ ಅನ್ನಬಹುದು. ತೀರ್ಮಾನವಾಗೋವರೆಗೂ ಆ ದುಡ್ಡಿಗೆ ತಡೆ.

"ಆರು ತಿಂಗಳಾ?" ಸೀನ ಎದ್ದೇ ನಿಂತ. "ಅಡಿಕೆ ಕೊಂಡವನು ಆರು ತಿಂಗಳು ಬಿಟ್ಟು ಬಂದು, ನಿಮ್ಮ ರಾಶಿ ಹಸಿ ಇತ್ತು ಅಂದ್ರೆ?"

"ಬರಲಿಲ್ಲ ಅಂದ್ರೆ ಕಳಿಸಿದ್ದಕ್ಕೆ, ತಲುಪಿದ್ದಕ್ಕೆ ಪುರಾವೆ ತೋರಿಸ್ಬೇಕು. ಟ್ರ್ಯಾಕಿಂಗ್ ನಂಬರ್ ಇರೋ ಪೋಸ್ಟಲ್ಲೇ, ಅವ್ರು ಕೊಟ್ಟ ಅಡ್ರೆಸಿಗೇ ಕಳಿಸಿರ್ಬೇಕು. ಲಕೋಟೆಗೆ ಸ್ಟಾಂಪ್ ಅಂಟಿಸಿ ಡಬ್ಬಿಗೆ ಹಾಕಿ ಬಂದ್ರೆ ದೇವರೇ ಗತಿ."

ಟ್ರ್ಯಾಕಿಂಗ್ ಇರುವ ಪೋಸ್ಟಿಗೆ ಒಂದು ನವಿಲಿನ ಬೆಲೆಗಿಂತ ಜಾಸ್ತಿ ಆಗುತ್ತದೆ. ಮತ್ತೆ ಕಂತೆಯ ಲೆಕ್ಕಕ್ಕೇ ಬಂದೆವು.

ನನಗೊಂದು ಹಳೇ ಕತೆ ನೆನಪಾಯಿತು. ಇಬೇ 2004ರಲ್ಲಿ ನಮ್ಮ ಬಾಝೀ ಡಾಟ್ ಕಾಮ್ ಕೊಂಡು ಇಂಡಿಯಾಕ್ಕೆ ಬಂದಿತ್ತು. ಆಗ ಪೈಸಾಪೇ ಅಂತ ಇತ್ತು. ಕೊಂಡವನ ದುಡ್ಡನ್ನು ನಡುವೆ ಹಿಡಿದಿಟ್ಟು, ಮಾಲು ಮುಟ್ಟಿದ ಮೇಲೆ ಮಾರಿದವನಿಗೆ ಕೊಡುತ್ತಿತ್ತು. ನಾನು ಹಳೇ ರೇಡಿಯೊ ಒಂದನ್ನು ಮಾರಿದ್ದೆ. "ಈಗ ಅದೇ ಬಳಸೋಣ," ಅಂದೆ. 2018ರ ಆಗಸ್ಟಿನಲ್ಲೇ ಆ ಇಂಡಿಯಾ ಅಂಗಡಿ ಮುಚ್ಚಿತು ಅಂತ ವಿನಾಯ ಹೇಳಿದ. ಪೇಪಾಲ್ ಕೂಡ ದೇಶದೊಳಗಿನ ವ್ಯವಹಾರವನ್ನು 2021ರ ಏಪ್ರಿಲ್ ಒಂದಕ್ಕೆ ನಿಲ್ಲಿಸಿದೆ, ಹೊರಗಿನಿಂದ ಬರೋದು ಮಾತ್ರ ಉಂಟು. ಏಪ್ರಿಲ್ ಒಂದನೇ ತಾರೀಕಿನ ಸುದ್ದಿಯನ್ನು ನಾನು ನಂಬುವುದಿಲ್ಲ ಅಂದದ್ದಕ್ಕೆ ಯಾರೂ ನಗಲಿಲ್ಲ.

ಇಷ್ಟಾದರೂ ಸೀನ ಹಟಕ್ಕೆ ಬಿದ್ದು ಒಂದು ಸೇವೆಯಲ್ಲಿ ಖಾತೆ ತೆರೆಯಲು ಕೂತ. ಯಾವುದು ಅಂತ ಕೇಳಬೇಡಿ, ತಪ್ಪು ಅವರದ್ದೋ ನಮ್ಮ ಅಪ್ಪ-ಅಮ್ಮಂದಿರು ಹೆಸರಿಟ್ಟ ಕ್ರಮದ್ದೋ ಇನ್ನೂ ತೀರ್ಮಾನವಾಗಿಲ್ಲ. ಬ್ಯಾಂಕಿನಲ್ಲಿ ಅವನು ಟಿ. ಶ್ರೀನಿವಾಸ. ಟಿ ಅಂದರೆ ತಾಳಗುಪ್ಪ, ಅಜ್ಜನ ಊರು. ಪಾನ್ ಕಾರ್ಡಿಗೆ ಇನಿಷಿಯಲ್ ಆಗಲ್ಲ ಅಂದಾಗ ಯಾರೋ ಪುಣ್ಯಾತ್ಮರು ಅದನ್ನು ಬಿಡಿಸಿ ಬರೆದಿದ್ದರು. ಮೂರನೇ ದಿನ ಮೇಲ್ ಬಂತು: "ಡಿಯರ್ ತಾಳಗುಪ್ಪ, ನಿಮ್ಮ ಹೆಸರು ಬ್ಯಾಂಕ್ ಖಾತೆಯ ಹೆಸರಿಗೆ ಹೊಂದುತ್ತಿಲ್ಲ."

"ಊರಿಗೇ ಪತ್ರ ಬರೆದಿದ್ದಾರೆ," ಅಂದರು ರಾಯರು. "ಪಂಚಾಯ್ತಿ ಅಧ್ಯಕ್ಷರ ಹತ್ರ ಉತ್ತರ ಬರೆಸು." ಆವತ್ತಿನಿಂದ ಸೀನನ ಹೆಸರು ತಾಳಗುಪ್ಪ ಅಂತಲೇ ಆಗಿದೆ. ಪಾಪ, ರೈಲಿನ ಹಾಗೆ ಅವನ ಡಾಲರ್ ಆಸೆಯೂ ಅಲ್ಲಿಗೇ ಬಂದು ನಿಂತಿತು; ಅಲ್ಲಿಂದ ಮುಂದೆ ಹಳಿ ಇಲ್ಲ.

"ಫಾರಿನ್ ಬಿಡಿ," ಅಂದ ವಿನಾಯ. "ನಮ್ಮ ದೇಶದ್ದೇ ವಾಟ್ಸಾಪ್ ಹರಾಜಿನ ಗುಂಪಿದೆ. ಸಂಗ್ರಹ ಮಾಡೋರೇ ಇರೋದು. ಫೋಟೊ ಹಾಕಿ, ರಾತ್ರಿ ಒಂಬತ್ತಕ್ಕೆ ಕ್ಲೋಸ್. ಯುಪಿಐನಲ್ಲಿ ದುಡ್ಡು, ಒಂದು ಪೈಸೆ ದಲಾಲಿ ಇಲ್ಲ."

"ದಲಾಲಿ ಇಲ್ಲ ಅಂದ್ರೆ ದಲಾಲಿಯವನೂ ಇಲ್ಲ," ಅಂದರು ರಾಯರು. "ಜಗಳ ಬಂದ್ರೆ ಯಾರ ಹತ್ರ ಹೋಗ್ತೀಯ?"

ಆ ಪ್ರಶ್ನೆಗೆ ಉತ್ತರ ಮರುದಿನವೇ ಸಿಕ್ಕಿತು. ಗುಂಪಿನಲ್ಲಿ ಡಬ್ಬಿಯ ಫೋಟೊ ಹಾಕಿ ಅರ್ಧ ಗಂಟೆಯಲ್ಲಿ ಒಬ್ಬ ಫೋನ್ ಮಾಡಿದ. ತಾನು ಮಿಲಿಟರಿಯವನು, ಹರಾಜು ಬೇಡ, ಈಗಲೇ ಐದು ಸಾವಿರ ಕೊಡ್ತೀನಿ, ಒಂದು ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ. ಸೀನ ಐದು ಸಾವಿರ ಅಂದ ಕೂಡಲೇ ನಾಲ್ಕರಲ್ಲಿ ಮೂರು ಅಂಕಿ ಒತ್ತಿಯಾಗಿತ್ತು. ರಾಯರು ಫೋನು ಕಿತ್ತುಕೊಂಡರು. ಅಷ್ಟು ಚುರುಕಾಗಿ ಅವರು ಕೈಯಾಡಿಸಿದ್ದನ್ನು ನಾವು ಬ್ಯಾಂಕಿನಲ್ಲೂ ನೋಡಿರಲಿಲ್ಲ.

"ದುಡ್ಡು ಬರೋಕೆ ಪಿನ್ ಬೇಡ ಕಣೋ ತಾಳಗುಪ್ಪ! ಹೋಗೋಕೆ ಮಾತ್ರ ಪಿನ್! ದೇವಸ್ಥಾನದ ಹುಂಡಿಗೆ ದುಡ್ಡು ಹಾಕೋರು ಬೀಗದ ಕೈ ಕೇಳ್ತಾರಾ?"

ಅದಾದ ಮೇಲೆ ನಿಯಮ ಮಾಡಿಕೊಂಡೆವು. ಸ್ಕ್ರೀನ್‌ಶಾಟ್ ನಂಬೋದಿಲ್ಲ, ಬ್ಯಾಂಕ್ ಖಾತೆ ನೋಡಿಯೇ ಮಾಲು ಕಟ್ಟೋದು, ಕಟ್ಟುವಾಗ ಫೋಟೊ ತೆಗೆಯೋದು.

ಗುರುವಾರ ಹರಾಜು. ನಲವತ್ತು ಚಿತ್ರದ ಒಂದು ಕಂತೆ, ಸವಾಲು ಇನ್ನೂರು ರೂಪಾಯಿಯಿಂದ. ಹೋಟೆಲಿನ ಮೂಲೆಯಲ್ಲಿ ನಾಲ್ಕು ತಲೆ ಒಂದು ಫೋನಿನ ಮೇಲೆ. ಇನ್ನೂರೈವತ್ತು, ಮುನ್ನೂರು, ನಾನೂರು. ಎಂಟು ಐವತ್ತರ ಹೊತ್ತಿಗೆ ಐನೂರಕ್ಕೆ ನಿಂತಿತು. ಸೀನ "ಒಂದ್ಸಲ" ಅಂತ ಟೈಪ್ ಮಾಡಿದ. ಎಂಟು ಐವತ್ತೊಂಬತ್ತಕ್ಕೆ ಹೆಸರಿಲ್ಲದ ಒಂದು ನಂಬರಿನಿಂದ 650. ಒಂಬತ್ತು ಹೊಡೆಯಿತು.

ಸೀನ ಆ ನಂಬರಿಗೆ ಬರೆದ: "ಅಭಿನಂದನೆಗಳು. ದುಡ್ಡು ಹೇಗೆ ಕೊಡ್ತೀರಿ?"

ಗಲ್ಲಾದ ಮೇಲಿದ್ದ ಫೋನು ಟಿಂಗ್ ಅಂದಿತು.

ಭಟ್ಟರು ಕನ್ನಡಕ ಮೇಲೆತ್ತಿ ಫೋನು ನೋಡಿದರು. ಆಮೇಲೆ ಕೆಂಪು ರಟ್ಟಿನ ಪುಸ್ತಕ ತೆಗೆದರು, ಬೆರಳಿಗೆ ಎಂಜಲು ಹಚ್ಚಿಕೊಂಡು ಹಾಳೆ ತಿರುವಿದರು. ಅಪ್ಪನ ಕಾಲದಲ್ಲಿ ಒಲೆ ಹಚ್ಚುತ್ತಿದ್ದದ್ದು ಆ ಕೀಲಿಕೈ ಚಿತ್ರದ ಪೊಟ್ಟಣದಿಂದ, ಕಟ್ಟು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಬೇಕು ಅಂತ ಆಸೆ, ಅಂದರು. ಮೂರು ವಾರದಲ್ಲಿ ಅವರು ನಮ್ಮ ಜೊತೆ ಆಡಿದ ಮೊದಲ ಮಾತು.

"ಸಂತೋಷ ಭಟ್ರೇ," ಅಂದ ಸೀನ. "ದುಡ್ಡು?"

"ನಿಮ್ಮ ಚಾ, ಬಜೆ ಎಲ್ಲ ಸೇರಿ ಏಳ್ನೂರ ಹತ್ತು ಆಗಿದೆ. ಆರ್ನೂರೈವತ್ತು ಅಲ್ಲೇ ಮುರ್ಕೊಂಡಿದ್ದೀನಿ. ಇನ್ನು ಅರವತ್ತು ಕೊಡಿ."

ಸೀನ ರಾಯರ ಮುಖ ನೋಡಿದ. ರಾಯರು ಚಾವಣಿ ನೋಡಿದರು. ಸೀನ ಎದ್ದು ಹೋಗಿ ಗಲ್ಲಾದ ಮುಂದಿನ ಕ್ಯೂಆರ್ ಸ್ಕ್ಯಾನ್ ಮಾಡಿ, ಈ ಸಲ ನಾಲ್ಕೂ ಅಂಕಿ ಒತ್ತಿದ. ಸೌಂಡ್‌ಬಾಕ್ಸ್ ಹೋಟೆಲಿಗೆಲ್ಲ ಕೇಳುವ ಹಾಗೆ ಅರವತ್ತು ರೂಪಾಯಿ ಬಂತು ಅಂತ ಸಾರಿತು.