ವಿಂಡೋಸ್ 11ಕ್ಕೆ ಹೋಗಲೋ, ಬೇಡವೋ? ಅರವತ್ತು ದಾಟಿದವರ ಅನುಭವ ಬೇಕು

ಎಲ್ಲರಿಗೂ ನಮಸ್ಕಾರ. ನನಗೆ ಈಗ 69. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ವಿಂಡೋಸ್ 10. ಆಗಾಗ ಪರದೆ ತುಂಬ ಒಂದು ಪುಟ ಬಂದು ವಿಂಡೋಸ್ 11 ಹಾಕಿಕೊಳ್ಳಿ ಎನ್ನುತ್ತದೆ. ಪ್ರತಿ ಸಲ ಬೇಡ ಎಂದು ಒತ್ತುತ್ತೇನೆ. ಮಗಳು "ಹಾಕ್ಕೋಮ್ಮ, ಏನೂ ಆಗಲ್ಲ" ಅಂತಾಳೆ. ಜೊತೆಗೆ ಕೆಲಸ ಮಾಡಿದ ಗೆಳತಿ "ಚೆನ್ನಾಗಿರೋದನ್ನ ಸುಮ್ನೆ ಯಾಕೆ ಕೆಡಿಸ್ಕೋತೀಯ" ಅಂತಾಳೆ. ನಾನು ಮಾಡುವುದು ಇಮೇಲ್, ಬ್ಯಾಂಕ್ ಕೆಲಸ, ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್, ಮತ್ತೆ ಮನೆಯ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿಡುವುದು. ಎಲ್ಲವೂ ಕೈಗೆ ಕೂತಿದೆ. ಎಲ್ಲಿ ಏನಿದೆ ಎಂದು ಹುಡುಕಬೇಕಿಲ್ಲ. ಅದು ತಪ್ಪಿಹೋದರೆ ಮತ್ತೆ ಕಲಿಯಲು ಆಗುತ್ತದೋ ಇಲ್ಲವೋ ಅನ್ನುವುದೇ ಭಯ. ಬದಲಾಯಿಸಿದವರು, ಬೇಡ ಎಂದು ಬಿಟ್ಟವರು, ಇಬ್ಬರೂ ಹೇಳಿ.

ಅಕೌಂಟ್ಸ್ ವಿಭಾಗದಲ್ಲಿದ್ದವನು, 72

ಮೇಡಂ, ನಾನು ಬದಲಾಯಿಸಿಕೊಂಡು ಕೆಲವು ತಿಂಗಳಾಯಿತು. ನಿಮ್ಮ ಭಯವೇ ನನಗೂ ಇತ್ತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಒಂದು ವಾರ ಕಂಪ್ಯೂಟರ್ ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡೆ. ಏನು ತೆರೆದರೂ ಬರೆದೆ. ಯಾವ ಪ್ರೋಗ್ರಾಂ, ಯಾವ ಪ್ರಿಂಟರ್, ಎಲ್ಲಿ ಪಾಸ್‌ವರ್ಡ್ ಕೇಳಿತು, ಎಲ್ಲ. ವಾರ ಕಳೆದು ನೋಡಿದರೆ ನಾನು ಬಳಸುತ್ತಿದ್ದದ್ದು ಬರೀ ಏಳು. ಅದರಲ್ಲಿ ನಾಲ್ಕು ಬ್ರೌಸರ್ ಒಳಗೇ ನಡೆಯುವಂಥವು. ಬ್ರೌಸರ್ ಒಳಗಿನದಕ್ಕೆ 10 ಆದರೂ ಅಷ್ಟೇ, 11 ಆದರೂ ಅಷ್ಟೇ. ತಲೆಕೆಡಿಸಿಕೊಳ್ಳಬೇಕಾದ್ದು ಉಳಿದ ಮೂರಕ್ಕೆ ಮಾತ್ರ. ಅಲ್ಲಿಗೇ ಅರ್ಧ ಭಯ ಇಳಿಯಿತು.

ಆಮೇಲೆ ಫೋನಿನಿಂದ ಪರದೆಯ ಫೋಟೋ ತೆಗೆದೆ. ಡೆಸ್ಕ್‌ಟಾಪ್, ಸ್ಟಾರ್ಟ್ ಮೆನು, ಇಮೇಲ್ ಸೆಟ್ಟಿಂಗ್, ಪ್ರಿಂಟರ್ ಹೆಸರಿರುವ ಪುಟ. ಇದು ಎಷ್ಟು ಉಪಯೋಗಕ್ಕೆ ಬಂತೆಂದರೆ, ಮೊದಲ ಹತ್ತು ದಿನ ಆ ಫೋಟೋ ನೋಡಿಕೊಂಡೇ ಎಲ್ಲವನ್ನೂ ಮೊದಲಿನ ಜಾಗಕ್ಕೆ ತಂದೆ.

ಬ್ಯಾಕಪ್ ವಿಷಯದಲ್ಲಿ ಮಾತ್ರ ಅವಸರ ಬೇಡ. ಅಪ್‌ಗ್ರೇಡ್ ಮಾಡುವಾಗ ಫೈಲುಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಆದರೂ ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಹಾಕಿದೆ. ಹಾಕಿದ ಮೇಲೆ ಆ ಡಿಸ್ಕನ್ನು ಹೆಂಡತಿಯ ಕಂಪ್ಯೂಟರ್‌ಗೆ ಚುಚ್ಚಿ ಅಲ್ಲೊಂದು ಇಲ್ಲೊಂದು ಫೈಲ್ ತೆರೆದು ನೋಡಿದೆ. ಲೆಕ್ಕದ ಒಂದು ಎಕ್ಸೆಲ್ ಶೀಟ್ ತೆರೆಯಲೇ ಇಲ್ಲ. ಕಾಪಿ ಅರ್ಧಕ್ಕೆ ನಿಂತಿತ್ತು. ಮತ್ತೆ ಕಾಪಿ ಮಾಡಿದೆ. ತೆರೆದು ನೋಡದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಅಪ್‌ಗ್ರೇಡ್ ಮಾಡಿದ್ದು ಬೆಳಿಗ್ಗೆ, ಚಾರ್ಜರ್ ಹಾಕಿಕೊಂಡು. ರಾತ್ರಿ ಶುರು ಮಾಡಬೇಡಿ, ನಿದ್ದೆಯೂ ಕೆಡುತ್ತದೆ, ತಾಳ್ಮೆಯೂ ಇರುವುದಿಲ್ಲ. ಶೇಕಡಾ 61ಕ್ಕೆ ಬಂದು ನಲವತ್ತು ನಿಮಿಷ ಅಲ್ಲಾಡಲಿಲ್ಲ. ಕೈ ಪವರ್ ಬಟನ್ ಮೇಲೆ ಹೋಗಿಯೇ ಬಿಟ್ಟಿತ್ತು. ಆದರೆ ಡಿಸ್ಕಿನ ಪುಟ್ಟ ದೀಪ ಮಿಣುಕುತ್ತಲೇ ಇತ್ತು. ಒಳಗೆ ಕೆಲಸ ನಡೆಯುತ್ತಿದೆ ಎಂದು ಸುಮ್ಮನೆ ಕೂತೆ. ನಾಲ್ಕೈದು ಸಲ ತಾನೇ ಆಫ್ ಆಗಿ ಆನ್ ಆಯಿತು. ಒಟ್ಟು ಎರಡೂವರೆ ಗಂಟೆ.

ಬದಲಾವಣೆ ಏನೆಂದು ಕೇಳಿದರೆ, ಕಣ್ಣಿಗೆ ಹೊಡೆದದ್ದು ಮೂರು. ಸ್ಟಾರ್ಟ್ ಬಟನ್ ಎಡ ಮೂಲೆ ಬಿಟ್ಟು ಮಧ್ಯಕ್ಕೆ ಬಂದಿರುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಪರ್ಸನಲೈಸೇಷನ್, ಟಾಸ್ಕ್‌ಬಾರ್, ಅದರ ಕೆಳಗೆ ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂದಿರುವಲ್ಲಿ ಲೆಫ್ಟ್ ಕೊಟ್ಟರೆ ಹಳೆಯ ಜಾಗಕ್ಕೆ ಬರುತ್ತದೆ. ಎರಡನೆಯದು ರೈಟ್ ಕ್ಲಿಕ್. ಕಟ್, ಕಾಪಿ, ಪೇಸ್ಟ್ ಸಣ್ಣ ಚಿತ್ರಗಳಾಗಿವೆ. ಹಳೆಯ ಮೆನು ಬೇಕೆಂದರೆ ಕೆಳಗೆ ಶೋ ಮೋರ್ ಆಪ್ಷನ್ಸ್ ಒತ್ತಬೇಕು. ಮೂರನೆಯದು ನನಗೆ ಒಳ್ಳೆಯದೇ ಆಯಿತು. ಆಕ್ಸೆಸಿಬಿಲಿಟಿ ಎಂಬಲ್ಲಿ ಅಕ್ಷರದ ಗಾತ್ರವನ್ನು 225 ಪರ್ಸೆಂಟ್ ತನಕ ದೊಡ್ಡದು ಮಾಡಬಹುದು. ಇದು 10ರಲ್ಲೂ ಇತ್ತಂತೆ, ಆದರೆ ಹುಡುಕಿದ್ದು ಈಗಲೇ.

ಇನ್ನೊಂದು ಮುಖ್ಯ ವಿಷಯ. ಇಷ್ಟವಾಗದಿದ್ದರೆ ವಾಪಸ್ ಹೋಗಲು 10 ದಿನ ಸಮಯ ಇರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ, ಅಲ್ಲಿ ಗೋ ಬ್ಯಾಕ್. ಆ 10 ದಿನ ಡಿಸ್ಕ್ ಕ್ಲೀನ್ ಮಾಡುವ ಯಾವ ಪ್ರೋಗ್ರಾಂ ಕೂಡ ಓಡಿಸಬೇಡಿ. ಹಳೆಯ ವಿಂಡೋಸ್ ಇರುವ ಫೋಲ್ಡರ್ ಅಳಿಸಿಹೋದರೆ ವಾಪಸ್ ದಾರಿ ಮುಚ್ಚುತ್ತದೆ.

ಹತ್ತರಲ್ಲೇ ಉಳಿದವಳು, 76

ನಾನು ಬದಲಾಯಿಸಲಿಲ್ಲ. ನನ್ನ ಕಂಪ್ಯೂಟರ್ ಒಪ್ಪಲೇ ಇಲ್ಲ. ಪಿಸಿ ಹೆಲ್ತ್ ಚೆಕ್ ಎಂಬ ಪ್ರೋಗ್ರಾಂ ಹಾಕಿ ನೋಡಿದೆ, ಪ್ರೊಸೆಸರ್ ಹಳೆಯದು ಎಂದಿತು.

ಆದರೆ ಒಂದು ಮಾತು. ಬೇಡ ಎಂದವರಿಗೂ ಕೆಲಸ ಇದೆ. ವಿಂಡೋಸ್ 10ಕ್ಕೆ ಉಚಿತವಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆ ಬಳಕೆಯವರಿಗೆ ಒಂದು ವರ್ಷದ ಹೆಚ್ಚುವರಿ ಯೋಜನೆ ಕೊಟ್ಟರು, ಇಎಸ್‌ಯು ಅಂತ. ಅದು 2026ರ ಅಕ್ಟೋಬರ್ 13ರವರೆಗೆ. ತಾನಾಗಿ ಬರುವುದಿಲ್ಲ, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ನಾವೇ ಸೇರಬೇಕು. ಅದಕ್ಕೆ ಮೈಕ್ರೋಸಾಫ್ಟ್ ಅಕೌಂಟ್ ಬೇಕು, ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ನಾನು ಸೇರಿದ್ದೇನೆ. ಬ್ಯಾಂಕ್ ಕೆಲಸ ಮಾತ್ರ ಈಗ ಟ್ಯಾಬ್ಲೆಟ್‌ನಲ್ಲಿ ಮಾಡುತ್ತೇನೆ. ಆ ವರ್ಷ ಮುಗಿಯುವ ಮೊದಲು ಮುಂದಿನ ದಾರಿ ನೋಡಿಕೊಳ್ಳಬೇಕು ಎಂದು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಸುಮ್ಮನೆ ಹಾಗೇ ಬಿಟ್ಟಿಲ್ಲ.

ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವನು, 64

ಮೇಲಿನ ಅಮ್ಮ ಹೇಳಿದ್ದು ಸರಿ. ಜಾಸ್ತಿ ಗೊಂದಲ ಆಗುವುದು ಅಪ್‌ಡೇಟ್, ಅಪ್‌ಗ್ರೇಡ್ ಎರಡನ್ನೂ ಒಂದೇ ಅಂದುಕೊಂಡಾಗ. ಪ್ರತಿ ತಿಂಗಳು ಬರುವುದು ಅಪ್‌ಡೇಟ್. ಅದು ಇದ್ದ ಮನೆಯ ಬೀಗ ಸರಿಮಾಡಿದ ಹಾಗೆ. ಅದನ್ನು ಬೇಡ ಅನ್ನಬಾರದು. 10ರಿಂದ 11ಕ್ಕೆ ಹೋಗುವುದು ಅಪ್‌ಗ್ರೇಡ್, ಮನೆ ಬದಲಾಯಿಸಿದ ಹಾಗೆ. ಅದಕ್ಕೆ ದಿನ ನೋಡಿಕೊಂಡು, ತಯಾರಾಗಿ ಹೋಗಬಹುದು. ಅಪ್‌ಗ್ರೇಡ್‌ಗೆ ಹೆದರಿ ಎಷ್ಟೋ ಹಿರಿಯರು ಅಪ್‌ಡೇಟ್‌ನ್ನೂ ನಿಲ್ಲಿಸಿಬಿಡುತ್ತಾರೆ. ನನಗೆ ಬೇಜಾರಾಗುವುದು ಅಲ್ಲಿ.

ಅದರ ಬೆಲೆ ಏನು ಎಂಬುದು 2017ರ ಮೇ ತಿಂಗಳಲ್ಲಿ ಕಂಡಿತು. ವಾನಾಕ್ರೈ ಎಂಬ ವೈರಸ್ ಜಗತ್ತಿನ ಎಷ್ಟೋ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷ ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದವರು ಅದನ್ನು ಹಾಕಿಕೊಂಡಿರದವರು.

ಹಿರಿಯರ ಭಯಕ್ಕೆ ಅರ್ಥ ಇಲ್ಲ ಎಂದು ನಾನು ಹೇಳಲಾರೆ. 2012ರಲ್ಲಿ ವಿಂಡೋಸ್ 8 ಬಂದಾಗ ಸ್ಟಾರ್ಟ್ ಬಟನ್ನೇ ಇರಲಿಲ್ಲ. ಜನ ಕಂಪ್ಯೂಟರ್ ಹೊತ್ತು ತಂದು "ಇದನ್ನ ಆಫ್ ಮಾಡೋದು ಹೇಗೆ" ಎಂದು ಕೇಳುತ್ತಿದ್ದರು. ಮರುವರ್ಷ 8.1ರಲ್ಲಿ ಬಟನ್ ವಾಪಸ್ ಬಂತು. ಆ ನೆನಪು ಇನ್ನೂ ಹೋಗಿಲ್ಲ. 10ರಿಂದ 11ಕ್ಕೆ ಅಷ್ಟು ದೊಡ್ಡ ಜಿಗಿತ ಇಲ್ಲ.

ಮೇಡಂ, ನಿಮ್ಮ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ 11 ಇಳಿಸಿಕೊಳ್ಳಿ ಎಂದು ಬಂದಿದ್ದರೆ ನಿಮ್ಮ ಯಂತ್ರಕ್ಕೆ ಅದು ಹೊಂದುತ್ತದೆ ಎಂದರ್ಥ. ಇಲ್ಲದಿದ್ದರೆ ಪರೀಕ್ಷಿಸಿ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಇಂಟೆಲ್ ಕೋರ್ ಆದರೆ 8ನೇ ತಲೆಮಾರಿನದು ಅಥವಾ ಅದರ ಮೇಲಿನದು ಬೇಕು. ಕನಿಷ್ಠ 4 ಜಿಬಿ ರ್‍ಯಾಮ್ ಎಂದು ಬರೆದಿರುತ್ತಾರೆ, ಆದರೆ ನನ್ನ ಅನುಭವದಲ್ಲಿ 8 ಇಲ್ಲದಿದ್ದರೆ ಕಾಯುವುದೇ ಕೆಲಸವಾಗುತ್ತದೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಹಾಕಿಸಿ, ಆಮೇಲೆ ಉಳಿದದ್ದು. 32 ಬಿಟ್ ಎಂಬ ಹಳೆಯ ಬಗೆಯ ವಿಂಡೋಸ್ 10 ಇರುವವರಿಗೆ ಇದ್ದ ಹಾಗೇ ಮೇಲೇರಲು ಆಗುವುದಿಲ್ಲ, 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಡಿಸ್ಕಿಗೆ ಬಿಟ್‌ಲಾಕರ್ ಬೀಗ, ಅಂದರೆ ಒಳಗಿನದನ್ನು ಬೇರೆಯವರು ಓದದಂತೆ ವಿಂಡೋಸ್ ಹಾಕುವ ಬೀಗ, ಬಿದ್ದಿದೆಯೇ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಇರುತ್ತದೆ. ಮೊದಲೇ ಕಾಗದದಲ್ಲಿ ಬರೆದಿಡಿ. ಕಂಪ್ಯೂಟರ್ ಅದನ್ನು ಕೇಳುವ ಹೊತ್ತಿಗೆ ಆ ಕಂಪ್ಯೂಟರ್‌ನಲ್ಲೇ ಹುಡುಕಲು ಆಗುವುದಿಲ್ಲ.

ಅಮ್ಮನ ಕಂಪ್ಯೂಟರ್ ನೋಡಿಕೊಳ್ಳುವ ಮಗ

ನನಗೆ ಅರವತ್ತಾಗಿಲ್ಲ, ಕ್ಷಮಿಸಿ. ಆದರೆ ಇದನ್ನು ಹೇಳಲೇಬೇಕು. ನಮ್ಮ ಅಮ್ಮನಿಗೂ ಪರದೆ ತುಂಬ ಒಂದು ಪುಟ ಬಂತು. ನಿಮ್ಮ ವಿಂಡೋಸ್ ಹಳೆಯದಾಗಿದೆ, ತಕ್ಷಣ ಈ ನಂಬರಿಗೆ ಫೋನ್ ಮಾಡಿ ಎಂದು. ಜೊತೆಗೆ ಸೈರನ್ ಸದ್ದು. ಅಮ್ಮ ಫೋನ್ ಮಾಡಿದರು. ಆ ಕಡೆಯವನು ತುಂಬ ಮರ್ಯಾದೆಯಿಂದ ಮಾತಾಡಿ, ದೂರದಿಂದ ಕಂಪ್ಯೂಟರ್ ನಡೆಸುವ ಒಂದು ಆ್ಯಪ್ ಹಾಕಿಸಿದ. ಮೌಸಿನ ಬಾಣ ತಾನಾಗಿ ಓಡಾಡುವುದನ್ನು ನೋಡಿ ಅಮ್ಮನಿಗೆ ಏನೋ ಅನ್ನಿಸಿ, ಇಂಟರ್‌ನೆಟ್ ವೈರ್ ಕಿತ್ತರು. ಅಷ್ಟಕ್ಕೆ ಬಚಾವಾದೆವು. ಅವತ್ತೇ ಬೇರೆ ಕಂಪ್ಯೂಟರ್‌ನಿಂದ ಎಲ್ಲ ಪಾಸ್‌ವರ್ಡ್ ಬದಲಾಯಿಸಿದೆವು.

ಮೈಕ್ರೋಸಾಫ್ಟ್‌ನ ಎಚ್ಚರಿಕೆ ಸಂದೇಶದಲ್ಲಿ ಫೋನ್ ನಂಬರ್ ಎಂದೂ ಇರುವುದಿಲ್ಲ. ನಂಬರ್ ಕಂಡರೆ ಅದು ಮೋಸ. ಪುಟ ಮುಚ್ಚಲು ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಬಂದದ್ದು ಅಸಲಿಯೋ ಅಲ್ಲವೋ ಎಂಬ ಅನುಮಾನ ಇದ್ದರೆ ಆ ಪುಟವನ್ನು ಮುಟ್ಟಬೇಡಿ. ನೀವೇ ಸೆಟ್ಟಿಂಗ್ಸ್ ತೆರೆದು ವಿಂಡೋಸ್ ಅಪ್‌ಡೇಟ್‌ನಲ್ಲಿ ನೋಡಿ.

ಲಿನಕ್ಸ್‌ಗೆ ಹೋದವನು, 67

ನನ್ನ ಹಳೆಯ ಲ್ಯಾಪ್‌ಟಾಪ್‌ಗೆ 11 ಬರುವ ಹಾಗಿರಲಿಲ್ಲ. ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು, ಒಳಗಿನ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಹಾಗೆ ಎರಡು ವಾರ ನೋಡಿದ ಮೇಲೆಯೇ ಹಾಕಿದ್ದು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಮೈಕ್ರೋಸಾಫ್ಟ್ ಆಫೀಸ್ ನಡೆಯುವುದಿಲ್ಲ, ಅದರ ಬದಲಿಗೆ ಲಿಬ್ರೆ ಆಫೀಸ್ ಕಲಿಯಬೇಕಾಯಿತು. ನಿಮ್ಮ ಯಂತ್ರಕ್ಕೆ 11 ಹೊಂದುವುದಾದರೆ ನಿಮಗೆ ಈ ದಾರಿ ಅಗತ್ಯವಿಲ್ಲ ಅನ್ನಿಸುತ್ತದೆ.

ಪ್ರಶ್ನೆ ಕೇಳಿದವಳು

ಇಷ್ಟು ಪ್ರೀತಿಯಿಂದ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಪ್‌ಡೇಟ್ ಪುಟ ನೋಡಿದೆ, ನನ್ನ ಲ್ಯಾಪ್‌ಟಾಪ್‌ಗೆ 11 ಹೊಂದುತ್ತದೆ. ಉಳಿದಿರುವ ಚಿಂತೆ ಒಂದೇ, ಸ್ಕ್ಯಾನರ್. ಅದಕ್ಕೆ ಹದಿನಾಲ್ಕು ವರ್ಷ. ಫೋಟೋಗಳು ಇನ್ನೂ ಎರಡು ಪೆಟ್ಟಿಗೆ ಬಾಕಿ ಇವೆ.

ಸ್ಕ್ಯಾನರ್ ಕಳೆದುಕೊಂಡವಳು, 70

ಅಕ್ಕ, ಇದನ್ನು ಹಗುರವಾಗಿ ತಗೋಬೇಡಿ. ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಅಪ್‌ಗ್ರೇಡ್ ಸಲೀಸಾಗಿ ಆಯಿತು, ಸ್ಕ್ಯಾನರ್ ಮಾತ್ರ ಕೆಲಸ ಮಾಡಲಿಲ್ಲ. ಅದನ್ನು ಮಾಡಿದ ಕಂಪನಿ ಹಳೆಯ ಮಾಡೆಲ್‌ಗೆ ಹೊಸ ಡ್ರೈವರ್, ಅಂದರೆ ಕಂಪ್ಯೂಟರ್ ಸ್ಕ್ಯಾನರನ್ನು ನಡೆಸಲು ಬೇಕಾದ ಪ್ರೋಗ್ರಾಂ, ಕೊಟ್ಟಿರಲಿಲ್ಲ. ಯಂತ್ರ ಗಟ್ಟಿಮುಟ್ಟಾಗಿದೆ, ದೀಪ ಉರಿಯುತ್ತದೆ, ಆದರೆ ಕಂಪ್ಯೂಟರ್‌ಗೆ ಅದು ಕಾಣುವುದೇ ಇಲ್ಲ. ನಾನು ಮೂರನೇ ದಿನ 10ಕ್ಕೆ ವಾಪಸ್ ಹೋಗಿ, ಬಾಕಿ ಇದ್ದದ್ದನ್ನೆಲ್ಲ ಸ್ಕ್ಯಾನ್ ಮಾಡಿ ಮುಗಿಸಿ, ಆಮೇಲೆ ಮತ್ತೆ 11 ಹಾಕಿದೆ. ಈಗ ವ್ಯೂಸ್ಕ್ಯಾನ್ ಎಂಬ ಪ್ರೋಗ್ರಾಂ ಬಳಸುತ್ತೇನೆ. ಎಷ್ಟೋ ಹಳೆಯ ಸ್ಕ್ಯಾನರ್‌ಗಳಿಗೆ ಅದರಲ್ಲೇ ಡ್ರೈವರ್ ಇದೆ. ದುಡ್ಡು ಕೊಡಬೇಕು, ಆದರೆ ಮೊದಲು ಪರೀಕ್ಷಿಸಿ ನೋಡಲು ಬಿಡುತ್ತಾರೆ.

ನಿಮ್ಮ ಮಗಳ ಕಂಪ್ಯೂಟರ್‌ನಲ್ಲಿ 11 ಇದೆ ಅಲ್ವಾ? ಸ್ಕ್ಯಾನರ್ ಒಯ್ದು ಅದಕ್ಕೇ ಚುಚ್ಚಿ ನೋಡಿ. ನಿಮ್ಮದನ್ನು ಮುಟ್ಟುವ ಮೊದಲೇ ಉತ್ತರ ಸಿಗುತ್ತದೆ. ನನಗೆ ಆಗ ಇದು ಹೊಳೆಯಲಿಲ್ಲ.

ಪ್ರಶ್ನೆ ಕೇಳಿದವಳು

ಚುಚ್ಚಿ ನೋಡಿದೆವು. ಮುಂದಿರುವ ಹಸಿರು ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಆದರೆ ಕಂಪ್ಯೂಟರ್‌ನಿಂದ ಸ್ಕ್ಯಾನ್ ಕೊಟ್ಟರೆ ಬರುತ್ತದೆ, ಬಣ್ಣವೂ ಸರಿಯಾಗಿದೆ. ನನಗೆ ಅಷ್ಟು ಸಾಕು. ಬರುವ ಶನಿವಾರ ಬೆಳಿಗ್ಗೆ ಎಂದು ಇಟ್ಟುಕೊಂಡಿದ್ದೇವೆ. ಮಗಳು ಪಕ್ಕದಲ್ಲಿ ಇರುತ್ತಾಳೆ, ಮೌಸ್ ನನ್ನ ಕೈಯಲ್ಲೇ ಇರಲಿ ಎಂದು ಹೇಳಿದ್ದೇನೆ. ಪರದೆಯ ಫೋಟೋ ಒಂಬತ್ತು ತೆಗೆದಿದ್ದೇನೆ. ರಿಕವರಿ ಕೀ ಬೀರುವಿನಲ್ಲಿದೆ. ಬ್ಯಾಕಪ್ ನಿನ್ನೆ ರಾತ್ರಿ ಮುಗಿಯಿತು. ಇವತ್ತು ಡಿಸ್ಕನ್ನು ಮಗಳ ಕಂಪ್ಯೂಟರ್‌ಗೆ ಹಾಕಿ ಒಂದೊಂದೇ ತೆರೆದು ನೋಡುತ್ತಿದ್ದೇನೆ. ಮೊದಲು ತೆರೆದದ್ದು ನಮ್ಮಮ್ಮನ ಫೋಟೋ. ತೆರೆಯಿತು.