ಶನಿವಾರ, ಭಾನುವಾರ ಮಾತ್ರ ಆಫೀಸ್ ಕಂಪ್ಯೂಟರಿಗೆ ನೆಟ್ ಇಲ್ಲ: ಐಪಿ ಅಡ್ರೆಸ್ ಸಮಸ್ಯೆ (ಪರಿಹಾರ ಸಿಕ್ಕಿದೆ)

ಪ್ರಶ್ನೆ, ಸುಂಟಿಕೊಪ್ಪ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಫಿ ತೋಟ, ಜೊತೆಗೆ ನಾಲ್ಕು ರೂಮಿನ ಹೋಂಸ್ಟೇ. ಬುಕ್ಕಿಂಗ್, ಕುಯ್ಲಿನ ತೂಕ, ಕೆಲಸದವರ ಸಂಬಳದ ಲೆಕ್ಕ ಎಲ್ಲ ಆಫೀಸಿನ ವಿಂಡೋಸ್ 10 ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿದೆ. ಮಗಳ ಉಬುಂಟು ಲ್ಯಾಪ್‌ಟಾಪ್, ತಮ್ಮನ ಮ್ಯಾಕ್ ಎರಡರಿಂದಲೂ ಅದನ್ನೇ ತೆರೆಯುತ್ತೇವೆ. ಹೋದ ವರ್ಷ ತಮ್ಮನೇ ಮೂರಕ್ಕೂ ಕೈಯಾರೆ ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಒಂದೊಂದು ಕಂಪ್ಯೂಟರಿಗೂ ಇರುವ ನಂಬರ್) ಹಾಕಿದ್ದ: 192.168.1.10, 11, 12.

ವಾರವೆಲ್ಲ ಏನೂ ತೊಂದರೆ ಇಲ್ಲ. ಶನಿವಾರ ಬಂತೆಂದರೆ ಆಫೀಸ್ ಕಂಪ್ಯೂಟರಿಗೆ ನೆಟ್ಟೂ ಇಲ್ಲ, ಫೋಲ್ಡರೂ ಸಿಗಲ್ಲ. ಕೇಬಲ್ ಬದಲಾಯಿಸಿ ನೋಡಿದೆ, ಪ್ರಯೋಜನ ಆಗಲಿಲ್ಲ. ಇನ್ನೊಂದು ಸಮಸ್ಯೆ: ತಮ್ಮ ಬೆಂಗಳೂರಿಗೆ ಹೋದಾಗ ಮ್ಯಾಕ್ ಅಲ್ಲಿನ ವೈಫೈಗೆ ಸೇರುತ್ತದೆ, ಆದರೆ ಒಂದು ಪೇಜೂ ತೆರೆಯಲ್ಲ. ಮಗಳದು ಮೈಸೂರಿನ ಹಾಸ್ಟೆಲಿನಲ್ಲಿ ಚೆನ್ನಾಗೇ ನಡೆಯುತ್ತಿದೆ. ಏನು ಮಾಡಲಿ?

ಉತ್ತರ, ಗೋಣಿಕೊಪ್ಪ

ಅಕ್ಕಾ, ಗೆಸ್ಟ್‌ಗಳಿಗೂ ಅದೇ ವೈಫೈ ಅಲ್ವಾ? ಕರೆಂಟ್ ಹೋಗಿ ಬಂದ ಮೇಲೆ ಇದು ಜಾಸ್ತಿನಾ? ಮತ್ತೆ ಹೀಗಾದಾಗ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ /ಆಲ್ ಅಂತ ಟೈಪ್ ಮಾಡಿ, ಏನು ಬರುತ್ತದೋ ಹಾಗೇ ಬರೆಯಿರಿ.

ಸುಂಟಿಕೊಪ್ಪ

ಹೌದಣ್ಣ, ಒಂದೇ ವೈಫೈ. ನಿನ್ನೆ ಗಾಳಿಗೆ ಮರ ಬಿದ್ದು ಎರಡು ಗಂಟೆ ಕರೆಂಟ್ ಇರಲಿಲ್ಲ. ರೂಟರ್ ಇನ್ವರ್ಟರಿನಲ್ಲಿದೆ, ಕಂಪ್ಯೂಟರ್ ಇಲ್ಲ. ಕರೆಂಟ್ ಬಂದು ಆನ್ ಮಾಡಿದರೆ ಮತ್ತೆ ಅದೇ ಕತೆ. ನೀವು ಹೇಳಿದ್ದು ಟೈಪ್ ಮಾಡಿದೆ. 192.168.1.10ರ ಪಕ್ಕದಲ್ಲೇ ಬ್ರ್ಯಾಕೆಟಿನಲ್ಲಿ ‘ಡೂಪ್ಲಿಕೇಟ್’ ಅಂತಿದೆ. 169.254 ಅಂತ ಶುರುವಾಗುವ ಇನ್ನೊಂದು ನಂಬರೂ ಇದೆ. ಅದನ್ನು ನಾವು ಯಾರೂ ಹಾಕಿಲ್ಲ.

ಗೋಣಿಕೊಪ್ಪ

ಸಿಕ್ಕಿತು ಅಕ್ಕಾ. ನಿಮ್ಮ 10ನೇ ನಂಬರ್ ಯಾರೋ ಗೆಸ್ಟ್ ಫೋನಿನ ಪಾಲಾಗಿದೆ.

ರೂಟರ್ ಬಂದವರಿಗೆಲ್ಲ ತಾನೇ ಅಡ್ರೆಸ್ ಹಂಚುತ್ತದೆ. ಇದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ನಿಮ್ಮದು 2ರಿಂದ ಒಂದೊಂದೇ ಹಂಚುತ್ತಿರಬೇಕು. ವಾರದ ದಿನ ಮನೆಯ ಫೋನ್, ಟಿವಿ ಸೇರಿ ಐದಾರು ಆಗುತ್ತದೆ, ಹತ್ತಕ್ಕೆ ಮುಟ್ಟಲ್ಲ. ನಾಲ್ಕು ರೂಮು ತುಂಬಿದ ದಿನ ಮುಟ್ಟುತ್ತದೆ. ಆ ಹೊತ್ತಿಗೆ ಕರೆಂಟ್ ಇಲ್ಲದೆ ಕಂಪ್ಯೂಟರ್ ಮಲಗಿರುತ್ತದೆ. 10 ಖಾಲಿ ಇದೆ ಅಂದುಕೊಂಡು ರೂಟರ್ ಅದನ್ನು ಫೋನಿಗೆ ಕೊಡುತ್ತದೆ. ಆಮೇಲೆ ಎದ್ದ ವಿಂಡೋಸ್, ನಂಬರ್ ಬೇರೆಯವರ ಹತ್ತಿರ ಇರುವುದನ್ನು ನೋಡಿ ಬಿಟ್ಟುಕೊಟ್ಟು 169.254ಕ್ಕೆ ಇಳಿಯುತ್ತದೆ. ಆ ನಂಬರಿನಿಂದ ರೂಟರ್ ದಾಟಿ ಹೊರಗೆ ಹೋಗಲು ಆಗಲ್ಲ. ಕೇಬಲಿನದು ತಪ್ಪೇ ಇಲ್ಲ.

ಮೊದಲು ರೂಟರನ್ನೇ ಸರಿಮಾಡಿ. ಬ್ರೌಸರಿನಲ್ಲಿ 192.168.1.1 ತೆರೆದು ಡಿಎಚ್‌ಸಿಪಿ ಪುಟದಲ್ಲಿ ಶುರು 192.168.1.100, ಕೊನೆ 192.168.1.200 ಮಾಡಿ. 101 ಅಡ್ರೆಸ್ ಆಯಿತು, ಗೆಸ್ಟ್‌ಗಳಿಗೆ ಧಾರಾಳ. 2ರಿಂದ 99 ನಿಮ್ಮ ಕೈಯಲ್ಲಿ. ಆಮೇಲೆ ರೂಟರ್ ಆಫ್ ಮಾಡಿ ಆನ್ ಮಾಡಿ. ಫೋನ್‌ಗಳ ವೈಫೈಯನ್ನೂ ಒಮ್ಮೆ ಆಫ್ ಮಾಡಿಸಿ, ಇಲ್ಲದಿದ್ದರೆ ಹಳೇ ನಂಬರನ್ನೇ ಹಿಡಿದುಕೊಂಡಿರುತ್ತವೆ.

ಆಫೀಸ್ ಕಂಪ್ಯೂಟರಿನ 10 ಹಾಗೇ ಇರಲಿ. ಮುಂದೆ ಯಾವತ್ತಾದರೂ ವಿಂಡೋಸ್ 10ರ ಸೆಟ್ಟಿಂಗ್ಸಿನಲ್ಲಿ ಹೊಸದಾಗಿ ಹಾಕುವಾಗ ಒಂದು ಕಡೆ ಎಲ್ಲರೂ ಎಡವುತ್ತಾರೆ. ‘ಸಬ್‌ನೆಟ್ ಪ್ರಿಫಿಕ್ಸ್ ಲೆಂತ್’ ಅಂತ ಕೇಳುತ್ತದೆ. ಅಲ್ಲಿ 255.255.255.0 ಹಾಕಿದರೆ ಸೇವ್ ಆಗಲ್ಲ. ಬರೀ 24 ಅಂತ ಹಾಕಬೇಕು. ಎರಡೂ ಒಂದೇ ಅರ್ಥ. ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿಯಾದ ರೂಟರಿನ ಅಡ್ರೆಸ್, 192.168.1.1.

ಇನ್ನು ಮ್ಯಾಕ್. ಎಲ್ಲರೂ ಹುಡುಕಿಕೊಂಡು ಹೋಗುವುದು ಆಫೀಸ್ ಕಂಪ್ಯೂಟರನ್ನು, ಅದಕ್ಕೊಂದಕ್ಕೆ ಖಾಯಂ ಅಡ್ರೆಸ್ ಸಾಕು. ಊರೂರು ತಿರುಗುವ ಲ್ಯಾಪ್‌ಟಾಪಿಗೆ ದಯವಿಟ್ಟು ಬೇಡ. ಮ್ಯಾಕಿನಲ್ಲಿ ಕೈಯಾರೆ ಹಾಕಿದ ಅಡ್ರೆಸ್ ವೈಫೈಗೇ ಅಂಟಿಕೊಳ್ಳುತ್ತದೆ, ಯಾವ ಊರಿಗೆ ಹೋದರೂ ಅದೇ ನಂಬರ್. ಬೆಂಗಳೂರಿನ ರೂಟರ್ 192.168.0 ಸಾಲಿನದಾಗಿದ್ದರೆ ಇಬ್ಬರಿಗೂ ಹೊಂದಲ್ಲ. ಉಬುಂಟು ಒಂದೊಂದು ವೈಫೈ ಹೆಸರಿಗೂ ಬೇರೆ ಬೇರೆ ಸೆಟ್ಟಿಂಗ್ ಇಟ್ಟುಕೊಳ್ಳುತ್ತದೆ, ಅದಕ್ಕೇ ಹಾಸ್ಟೆಲಿನಲ್ಲಿ ಮಗಳಿಗೆ ತೊಂದರೆ ಆಗಲಿಲ್ಲ. ಮ್ಯಾಕಿನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ವೈಫೈ, ಡೀಟೇಲ್ಸ್, ಟಿಸಿಪಿ/ಐಪಿಗೆ ಹೋಗಿ ‘ಯೂಸಿಂಗ್ ಡಿಎಚ್‌ಸಿಪಿ’ ಆರಿಸಲು ಹೇಳಿ. ಪಕ್ಕದ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅಡ್ರೆಸ್ ಹುಡುಕಿಕೊಡುವ ಸೇವೆ) ಪುಟದಲ್ಲಿ ಕೈಯಾರೆ ಹಾಕಿದ್ದು ಇದ್ದರೆ ಅದನ್ನೂ ತೆಗೆಯಲಿ.

ಉತ್ತರ, ಮಡಿಕೇರಿ

ಗೋಣಿಕೊಪ್ಪದವರು ಹೇಳಿದ್ದು ಸರಿ. ಇನ್ನೊಂದು ದಾರಿ: ಕಂಪ್ಯೂಟರನ್ನು ಆಟೊಮ್ಯಾಟಿಕ್‌ನಲ್ಲೇ ಬಿಟ್ಟು, ರೂಟರಿನಲ್ಲಿ ಅದರ ಮ್ಯಾಕ್ ಅಡ್ರೆಸ್ ಬರೆದು 10ನ್ನು ಕಾಯ್ದಿರಿಸಬಹುದು (ಇದು ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನ ನಂಬರ್, ಆ್ಯಪಲ್ ಮ್ಯಾಕ್ ಅಲ್ಲ). ನನಗೆ ಇದೇ ಇಷ್ಟ. ಆದರೆ ಹೂಮಳೆ ಹೊತ್ತಿನ ಸಿಡಿಲಿಗೆ ರೂಟರ್ ಸುಟ್ಟರೆ ಹೊಸದರಲ್ಲಿ ಮತ್ತೆ ಬರೆಯಬೇಕು. ಒಂದು ಚೀಟಿಯಲ್ಲಿ ಬರೆದಿಡಿ.

ಉಬುಂಟುವನ್ನೂ ಆಟೊಮ್ಯಾಟಿಕ್‌ಗೆ ಹಾಕುವಾಗ ‘ಅಪ್ಲೈ’ ಒತ್ತಿ ಸುಮ್ನೆ ಬಿಡಬೇಡಿ. ಆ ವೈಫೈ ಆಫ್ ಮಾಡಿ ಆನ್ ಮಾಡಿದ ಮೇಲೇ ಹೊಸ ಅಡ್ರೆಸ್ ಬರುವುದು.

ಸುಂಟಿಕೊಪ್ಪ, ಮುಂದಿನ ಭಾನುವಾರ

ನಾಲ್ಕೂ ರೂಮು ಫುಲ್. ಬೆಳಿಗ್ಗೆ ಬೇಕೆಂದೇ ಕಂಪ್ಯೂಟರ್ ಆಫ್ ಮಾಡಿ, ಎಲ್ಲರ ಫೋನ್ ಸೇರಿದ ಮೇಲೆ ಆನ್ ಮಾಡಿದೆ. 10 ಅದರ ಹತ್ತಿರವೇ ಇದೆ, ಪಕ್ಕದಲ್ಲಿ ‘ಪ್ರಿಫರ್ಡ್’ ಅಂತ ಬಂತು. ರೂಟರಿನಲ್ಲಿ ಗೆಸ್ಟ್ ಫೋನ್‌ಗಳೆಲ್ಲ 100ರ ಮೇಲಿವೆ. ತಮ್ಮನ ಮ್ಯಾಕ್ ಬೆಂಗಳೂರಿನಲ್ಲಿ ಸರಿಯಾಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ. ಅಡ್ರೆಸ್‌ಗಳ ಚೀಟಿಯನ್ನು ಇನ್ವರ್ಟರ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.